ಪೇಶ್ಕಾರರ ಬೂಟು, ಖಾನಸಾಹೇಬರ ಮುಲ್ತಾನಿ

ಗಾಯನವೆಂದರೆ ನನಗೆ ಪ್ರಾಣ. ಗಾಯನ ಕೇಳಲು ಬರುವವರನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಏಕೆಂದರೆ ಅವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಬೀದರಿನ ಚೌಬಾರ ಬುರುಜಿನ ಹತ್ತಿರ ನನ್ನದೊಂದು ಅರಿವೆ ಅಂಗಡಿ. ಅದರ ಹಿಂದಿನ ಓಣಿಯಲ್ಲಿ ಹತ್ತಿ ವ್ಯಾಪಾರದ ಸೇಠರ ವಾಡೆ. ಹೈದರಾಬಾದ ಸರ್ಕಾರದ ಆ ಕಾಲದಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಅಂದು ಮಧ್ಯಾಹ್ನದ ನಮಾಜು ಮುಗಿದ ಮೇಲೆ ಆ ವಾಡೆಯ ನಡುಮನೆಯಲ್ಲಿ ಬೈಠಕ್ ಸೇರುತ್ತಿತ್ತು. ಹಾಡುವವರ ಬಗ್ಗೆ ನನ್ನ ತಕರಾರಿಲ್ಲ. ಪಾಪ, ಎತ್ತಿನ ಗಾಡಿಯಲ್ಲಿ ಮೈಮೂಳೆ ನೋಯಿಸಿಕೊಂಡು ಬಂದು ಹಾಡುತ್ತಿದ್ದರು. ಕೇಳುವವರ ಕಥೆಯೇ ಬೇರೆ. ಒಬ್ಬ ನಶ್ಯ ಏರಿಸಿಕೊಂಡು, ತಾಳ ಬಂದು ಸೇರುವ ಸರಿಯಾದ ಜಾಗದಲ್ಲಿ ಸೀನುತ್ತಾನೆ. ಇನ್ನೊಬ್ಬ ತೊಡೆ ತಟ್ಟಿ ತಾಳ ಹಾಕುತ್ತಾನೆ. ಆ ತೊಡೆ ನನ್ನದು. ಮತ್ತೊಬ್ಬ ತಂಬೂರಿ ಶ್ರುತಿ ಮಾಡುವಾಗಲೇ ತನ್ನ ಪಾಲಿನ “ವಾಹ್ ವಾಹ್” ಮುಗಿಸಿಬಿಟ್ಟು, ಹಾಡು ಶುರುವಾದ ಕೂಡಲೇ ಮಗಳ ಲಗ್ನದ ಮಾತು ತೆಗೆಯುತ್ತಾನೆ. ಇವರ ನಡುವೆ ಹಲ್ಲು ಕಡಿದು ಕಡಿದು ನಾನು ದವಡೆ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ. “ಗಾಣಾ ಕೇಳಿ ಬಂದ್ರೋ, ಹುರಗಡ್ಲಿ ತಿಂದ ಬಂದ್ರೋ?” ಎಂದು ನನ್ನ ಹೆಂಡತಿ ನೀಲಮ್ಮ ಉಪ್ಪಿನ ಶಾಖ ಕೊಡುತ್ತಿದ್ದಳು.

ಆದರೂ ಆ ಶುಕ್ರವಾರದ ಸಿಟ್ಟಿನ ಮುಂದೆ ಇವೆಲ್ಲ ಏನೂ ಅಲ್ಲ. ಅಂದು ಹಾಡಲು ಬಂದವರು ಮುಪ್ಪಿನ ಒಬ್ಬ ಖಾನಸಾಹೇಬರು. ನಮ್ಮಪ್ಪ ಭಾಲ್ಕಿಯಲ್ಲಿದ್ದಾಗ, ನಾನಿನ್ನೂ ಹುಟ್ಟುವ ಮೊದಲು, ಯಾರದೋ ವಾಡೆಯಲ್ಲಿ ಅವರ ಮುಲ್ತಾನಿ ರಾಗ ಕೇಳಿದ್ದ. ಸಾಯುವ ತನಕ ಅದನ್ನೇ ಹೇಳುತ್ತಿದ್ದ. ಜ್ವರದಲ್ಲಿ ಮಲಗಿದ್ದಾಗಲೂ ಕೈ ಎತ್ತಿ, “ಹಿಂಗ ಏರ್ತಿದ್ರು ನೋಡಪಾ” ಎಂದು ಗಾಳಿಯಲ್ಲಿ ತೋರಿಸುತ್ತಿದ್ದ. ಏನು ಏರಿತು, ಎಲ್ಲಿಗೆ ಏರಿತು ಎನ್ನುವುದು ನನಗೆ ತಿಳಿಯಲೇ ಇಲ್ಲ. ಅದನ್ನು ನನ್ನ ಕಿವಿಯಿಂದಲೇ ಕೇಳಬೇಕೆಂದು ಕಾದುಕೊಂಡಿದ್ದೆ. ಅವರು ಹೈದರಾಬಾದಿನಿಂದ ತಮ್ಮ ಊರಿಗೆ ಮರಳುವ ದಾರಿಯಲ್ಲಿ ನಿಂತವರು. ಆ ವಯಸ್ಸಿನಲ್ಲಿ ಮತ್ತೆ ಈ ಕಡೆ ಬರುವ ಮಾತಿರಲಿಲ್ಲ.

ಅಂದೇ ಬೆಳಿಗ್ಗೆ ನೀಲಮ್ಮನ ತಮ್ಮ ಶರಣಪ್ಪ ಔರಾದ ತಾಲೂಕಿನ ಚಿಂತಾಕಿಯಿಂದ ಬಂದಿಳಿದ. ಒಣಭೂಮಿಯ ಬೇಸಾಯಗಾರ, ಕುರಿ ಸಾಕಿದವನು, ಎತ್ತರದ ಆಳು. ಈ ಹೊಲದಿಂದ ಆ ಹೊಲಕ್ಕೆ ಕೂಗಿ ಕೂಗಿ ಅವನ ಪಿಸುಮಾತೂ ಓಣಿಗೆಲ್ಲ ಕೇಳುತ್ತದೆ. “ಅವನ್ನೂ ಕರಕೊಂಡ ಹೋಗ್ರಿ, ಒಬ್ಬನ್ನ ಬಿಟ್ಟ ಹ್ಯಾಂಗ ಹೋಗೂದು?” ಎಂದಳು ನೀಲಮ್ಮ. ಅವನ ಹೆಗಲ ಮೇಲಿನ ಕಂಬಳಿ ನೋಡಿ ನನಗೆ ನಾಚಿಕೆಯಾಯಿತು. ಕಂಬಳಿ ಮನೆಯಲ್ಲೇ ಇರಲಿ ಎಂದರೆ, “ಅಲ್ಲಿ ಥಂಡಿ ಆದ್ರ?” ಎಂದ. ಬೇಸಿಗೆಯ ನಡುಹಗಲು ಅದು.

ಎಲ್ಲರಿಗಿಂತ ಮೊದಲೇ ಹೋಗಿ, ಗಾಯಕರ ಗಾದಿಗೆ ಎದುರಾಗಿ ಜಮಖಾನೆಯ ಮೇಲೆ ಕೂತೆವು. ನೀಲಮ್ಮ ಹೆಂಗಸರ ಜೊತೆ ಮೇಲಿನ ಮಾಳಿಗೆಗೆ, ಪರದೆಯ ಹಿಂದೆ ಹೋದಳು. ನನಗೋ ಸ್ವರ್ಗ ಗೇಣು ದೂರದಲ್ಲಿತ್ತು. ಅಷ್ಟರಲ್ಲಿ ವಕೀಲರು ಬಂದರು. ಸೇಠರ ಮುನೀಮ ನನ್ನ ಕಿವಿಯ ಹತ್ತಿರ ಬಗ್ಗಿ, “ಸಾವಕಾರ್ರ, ಜರಾ ಹಿಂದ ಸರೀರಿ” ಎಂದ. ಒಳಗೆ ಕೆಂಡ, ಹೊರಗೆ ನಗು. ಎದ್ದೆ. ಶರಣಪ್ಪನ ತೋಳು ಹಿಡಿದು ಎಳೆದೆ.

“ಯಾಕ ಮಾಮಾ? ಈ ಜಾಗಾ ಛೊಲೋ ಅದಲ್ಲ?” ಎಂದ ಅವನು.

“ದೊಡ್ಡೋರು ಬಂದಾರೋ, ಏಳು.”

“ಬರ್ಲಿ, ಯಾರ ಬ್ಯಾಡ ಅಂದಾರ? ಹಿಂದ ಬೇಕಾದಷ್ಟ ಜಾಗಾ ಅದ.”

ಇಡೀ ವಾಡೆಗೆ ಕೇಳಿತು. ನಾನು ಕಂಬದ ಹಿಂದೆ ಹೋಗಿ ಕೂತು, ಅವನ ಪರಿಚಯವೇ ಇಲ್ಲದವನಂತೆ ಮೇಲಿನ ತೊಲೆ ನೋಡಿದೆ. ಆಮೇಲೆ ಪೊಲೀಸ ಠಾಣೆಯ ಅಮೀನರು ಬಂದರು, ನಾನು ಗೋಡೆಗೆ ಸರಿದೆ. ಅಮೀನರ ಷಡ್ಡಕರು ಬಂದರು, ನಾನು ಬಾಗಿಲಿಗೆ ಸರಿದೆ. ಸರಿದಾಗಲೆಲ್ಲ ಸಿಟ್ಟು ಒಂದು ಮೆಟ್ಟಿಲು ಏರುತ್ತಿತ್ತು, ಸಲಾಮು ಒಂದು ಗೇಣು ಇಳಿಯುತ್ತಿತ್ತು. ಕೊನೆಗೆ ತಹಸೀಲ ಕಚೇರಿಯ ಎರಡನೇ ಅಧಿಕಾರಿ, ಪೇಶ್ಕಾರ ಸಾಹೇಬರೇ ಬಂದರು. ಮುನೀಮ ಶರಣಪ್ಪನನ್ನು ಎಬ್ಬಿಸಲು ಹೋದ. ಶರಣಪ್ಪ ಕಂಬಳಿ ಬಿಚ್ಚಿ ಪಕ್ಕದಲ್ಲಿ ಹಾಸಿ, “ಬರ್ರಿ ಸಾಹೇಬ್ರ, ಮೆತ್ತಗ ಅದ, ಕೂಡ್ರಿ” ಎಂದುಬಿಟ್ಟ. ಪೇಶ್ಕಾರರು ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ, ಕೂತೇಬಿಟ್ಟರು!

ಬಾಗಿಲಲ್ಲಿ ಉಳಿದವನು ನಾನೊಬ್ಬನೇ. ಮುನೀಮ ಮತ್ತೆ ಬಂದ. “ಸಾವಕಾರ್ರ, ಹ್ಯಾಂಗೂ ಇಲ್ಲೇ ಕುಂತೀರಿ. ಪೇಶ್ಕಾರ ಸಾಹೇಬ್ರ ಬೂಟು ಹೊಸಾವು ಅವ. ಜರಾ ಲಕ್ಷ್ಯ ಇಡ್ರಿ.” ಅವನ ಕಪಾಳಕ್ಕೆ ಬಾರಿಸುವ ಬದಲು ನಾನು, “ಆತ ತಗೋರಿ, ಅದರಾಗೇನದ” ಎಂದೆ. ನನ್ನ ನಾಲಿಗೆಯನ್ನು ಅಂದೇ ಕತ್ತರಿಸಿ ಒಗೆಯಬೇಕಿತ್ತು.

ಒಳಗೆ ತಂಬೂರಿ ತುಂಬಿಕೊಂಡಿತು. ಖಾನಸಾಹೇಬರು ಗಂಟಲು ಸರಿಪಡಿಸಿ ಮೊದಲ ಸ್ವರ ಹಚ್ಚಿದರು. ಮುಲ್ತಾನಿ! ನನ್ನ ರೋಮಗಳು ನಿಮಿರಿದವು. ಅದೇ ಕ್ಷಣಕ್ಕೆ ಓಣಿಯ ನಾಯಿಯೊಂದು ಮೆಟ್ಟಿಲ ಮೇಲಿನ ಅಷ್ಟೆಲ್ಲ ಜೋಡುಗಳನ್ನು ಬಿಟ್ಟು ಪೇಶ್ಕಾರರ ಎಡಗಾಲಿನ ಬೂಟನ್ನೇ ಕಚ್ಚಿಕೊಂಡು ಓಡಿತು.

ನಾನು ಓಡಿದೆ. ಯಾಕೆ ಓಡಿದೆ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಹೋಗಲಿ ಬೂಟು ಎಂದು ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಧೋತರದ ಚುಂಗು ಕೈಯಲ್ಲಿ ಹಿಡಿದು, ಚೌಬಾರ ಸುತ್ತು ಹಾಕಿ, ನನ್ನ ಅಂಗಡಿಯ ಮುಂದಿನಿಂದಲೇ ನಾಯಿಯ ಬೆನ್ನು ಹತ್ತಿದೆ. “ಎಲ್ಲಿಗಿ ಹೊಂಟ್ರಿ ಸಾವಕಾರ್ರ?” ಎಂದು ಪಾನಪಟ್ಟಿಯವನು ಕೂಗಿದ. ಏನೆಂದು ಹೇಳಲಿ? ನಾಯಿ ಬೂದಿಗುಂಡಿಯ ಹತ್ತಿರ ಬೂಟು ಇಟ್ಟು ಅದರ ನಾಲಿಗೆ ಜಗಿಯಲು ಕೂತಿತು. ಕಲ್ಲು ತೋರಿಸಿದರೆ ಗುರ್ರೆಂದಿತು. ಆ ಊರಲ್ಲಿ ಅಲ್ಲಿಯ ತನಕ ನನ್ನ ಮೇಲೆ ಗುರ್ರೆನ್ನದಿದ್ದ ಪ್ರಾಣಿ ಅದೊಂದೇ ಉಳಿದಿತ್ತು, ಈಗ ಅದೂ ಮುಗಿಯಿತು. ಅಂತೂ ತಾಸುಗಟ್ಟಲೆ ಹೆಣಗಿ ಬೂಟು ಬಿಡಿಸಿಕೊಂಡು, ಎಂಜಲನ್ನು ನನ್ನದೇ ಶಲ್ಯದಿಂದ ಒರೆಸುತ್ತ ವಾಡೆಗೆ ಬಂದಾಗ ಖಾನಸಾಹೇಬರು ತಂಬೂರಿಗೆ ಗವಸು ತೊಡಿಸುತ್ತಿದ್ದರು.

ಮನೆಗೆ ಬಂದು ರೊಟ್ಟಿಯ ಮುಂದೆ ಕೂತಾಗ ಅಕ್ಕ ತಮ್ಮ ಇಬ್ಬರ ಮುಖವೂ ತೊಳೆದಿಟ್ಟಂತಿತ್ತು. “ಆ ಮುದುಕ ಒಂದ ಸ್ವರಾ ಹಿಡದ ನಿಂತಾ ಮಾಮಾ,” ಎಂದ ಶರಣಪ್ಪ. “ಸಂಜಿಗಿ ಹಟ್ಟಿಗಿ ಬರೋವಾಗ ಮರಿ ಹಿಂದ ಉಳದ್ರ ತಾಯಿಕುರಿ ತಿರಗಿ ತಿರಗಿ ನೋಡ್ತದಲ್ಲ, ಹಂಗ ಇತ್ತು. ನನಗ ಕಣ್ಣಾಗ ನೀರ ಬಂತು. ಒರಸ್ಕೋಬೇಕಂದ್ರ ಪೇಶ್ಕಾರ್ರು ನನ್ನ ಹೆಗಲ ಮ್ಯಾಗ ತಲಿ ಇಟ್ಟ ಗೊರಕಿ ಹೊಡೀಲಿಕತ್ತಿದ್ರು, ಕೈ ಎತ್ತಾಕ ಬರಲಿಲ್ಲ.”

ಗೊರಕೆ! ನನ್ನ ಜಾಗದಲ್ಲಿ, ನನ್ನ ಮುಲ್ತಾನಿಯಲ್ಲಿ, ಗೊರಕೆ! ಇಡೀ ದಿನದ ಸಿಟ್ಟು ಒಮ್ಮೆಲೇ ಸಿಡಿದು, ಬೀಳಬಾರದವನ ಮೇಲೆ ಬಿತ್ತು. “ನಾ ಏಳಂದಾಗ ನೀ ಯಾಕ ಏಳಲಿಲ್ಲೋ?” ಎಂದು ಚೀರಿದೆ.

ಶರಣಪ್ಪ ತುತ್ತು ಕೈಯಲ್ಲಿ ಹಿಡಿದು, ನಿಜಕ್ಕೂ ತಿಳಿಯದೆ ಕೇಳಿದ: “ನೀವ ಯಾಕ ಎದ್ರಿ ಮಾಮಾ?”

ನೀಲಮ್ಮ ನನ್ನ ತಾಟಿಗೆ ಪಲ್ಯ ಬಡಿಸುತ್ತ, “ಮಾಳಿಗಿ ಕಿಡಕ್ಯಾಗ ಓಣಿ ಎಲ್ಲಾ ಕಾಣಸ್ತದರಿ,” ಎಂದಳು. “ನಾಯಿ ಹಿಂದ ಓಡಾವ್ರು ಯಾರವ್ವಾ ಅಂತ ಹೆಂಗಸ್ರೆಲ್ಲಾ ಕೇಳಿದ್ರು. ನನಗೂ ಗೊತ್ತಿಲ್ಲಂದೆ.”

ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಪೇಶ್ಕಾರರಿಗೆ ಹೇಳಬೇಕಾದ ಖಾರವಾದ ಮಾತೊಂದನ್ನು ಕಟ್ಟಿ ಬಾಯಿಪಾಠ ಮಾಡಿಕೊಂಡೆ. ದೈವ ನೋಡಿ, ಬೆಳಗಾಗುತ್ತಲೇ ಅವರೇ ಅಂಗಡಿಗೆ ಬಂದರು. ಶೇರವಾನಿ ಅರಿವೆ ನೋಡುವ ನೆಪದಲ್ಲಿ ದನಿ ತಗ್ಗಿಸಿ, “ನಿನ್ನಿ ಗಾಣಾ ಹ್ಯಾಂಗಿತ್ತು ಸಾವಕಾರ್ರ? ನಮ್ಮ ಮೇಲಿನ ಸಾಹೇಬ್ರು ಕೇಳೇ ಕೇಳ್ತಾರ. ನಿಮಗ ಗಾಣಾ ತಿಳೀತದಂತ, ಜರಾ ಹೇಳ್ರಿ” ಎಂದರು.

ನಾನು ಎದ್ದು ನಿಂತೆ. ಕಟ್ಟಿಟ್ಟ ಮಾತು ಗಂಟಲ ತನಕ ಬಂತು. ಆಮೇಲೆ ಕೈಜೋಡಿಸಿ, ಸಂಜೆಯಲ್ಲಿ ಮರಿಯನ್ನು ಕಳೆದುಕೊಂಡ ತಾಯಿ ತಿರುಗಿ ತಿರುಗಿ ನೋಡುವುದನ್ನೆಲ್ಲ ವಿಸ್ತಾರವಾಗಿ ವರ್ಣಿಸಿದೆ. ಸರ್ಕಾರಿ ಅಧಿಕಾರಿಗೆ ಕುರಿ ಶೋಭಿಸಲಾರದೆಂದು ಅದನ್ನು ಜಿಂಕೆ ಮಾಡಿದೆ. ಪೇಶ್ಕಾರರು ಕಣ್ಣು ಮುಚ್ಚಿ “ವಾಹ್” ಎಂದರು. ನಾನೂ ಕಣ್ಣು ಮುಚ್ಚಿ “ವಾಹ್” ಎಂದೆ. ನಿದ್ದೆ ಹೋದವನೊಬ್ಬ, ನಾಯಿಯ ಹಿಂದೆ ಹೋದವನೊಬ್ಬ, ಇಬ್ಬರೂ ಕೂಡಿ ಬಹಳ ಹೊತ್ತು ತಲೆದೂಗಿದೆವು.