ಅಕ್ಕನ ಮೂರು ದಿನ

ನನ್ನ ನೆಗೆಣ್ಣಿಯಷ್ಟು ಚಂದದ ಸುಳ್ಳು ಹೇಳುವವರು ಇಡೀ ನರಗುಂದದಲ್ಲಿ ಇರಲಿಲ್ಲ! ನೆಗೆಣ್ಣಿ ಎಂದರೆ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಸೀಮೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಾಳಿನ ವ್ಯಾಪಾರದ ಮನೆ, ಹೊತ್ತಿಗೆ ಇಪ್ಪತ್ತು ಮಂದಿ ಊಟಕ್ಕೆ. ಹೆಂಗಸರಿಗೆ ರೊಟ್ಟಿ ಬಡಿಯುವುದು ತಪ್ಪುತ್ತಿದ್ದದ್ದು ತಿಂಗಳಿಗೆ ಮೂರೇ ದಿನ, ಮುಟ್ಟಾಗಿ ಹೊರಗೆ ಕೂತಾಗ. ಉಳಿದವರಿಗೆ ಅದು ಶಿಕ್ಷೆಯೋ ಏನೋ, ಅಕ್ಕನಿಗೆ ಮಾತ್ರ ತವರುಮನೆ! ಪಡಸಾಲೆಯ ಮೂಲೆಯಲ್ಲಿ ಕಾಲು ಚಾಚಿ, ಎಲೆ ಅಡಿಕೆ ಮೆಲ್ಲುತ್ತ, "ಸಾರಿಗೆ ಉಪ್ಪ ಕಡಿಮಿ ಆಗೇತಿ" ಎಂದು ಅಲ್ಲಿಂದಲೇ ಹುಕುಂ ಮಾಡುವಳು.

ಐವತ್ತು ದಾಟಿದರೂ ಅವಳದು ತಪ್ಪಲಿಲ್ಲ. ಅದೂ ರೋಣದ ಬೀಗರು ಹಿಂಡುಗಟ್ಟಿ ಬರುವ ದಿನವೇ ಆಗಬೇಕು! ಒಮ್ಮೆ ಹದಿನೈದೇ ದಿನಕ್ಕೆ ಮತ್ತೆ ಕೂತಳು.

"ಅಕ್ಕಾ, ಮೊನ್ನೇರ ಆಗಿತ್ತಲ್ಲ?"

"ಅದು ತಡಾ ಆಗಿ ಬಂದದ್ದು, ಇದು ಲಗೂ ಬಂದದ್ದು. ನೀ ರೊಟ್ಟಿ ನೋಡ, ಸೀಯಾಕತ್ತೇತಿ!"

ಅವಳಿಗೆ ದ್ರೋಹ ಬಗೆದದ್ದು ಅವಳದೇ ಬೆವರು. ಸಂಕ್ರಾಂತಿಯ ಚಳಿಯಲ್ಲಿ ನಾವೆಲ್ಲ ಕಂಬಳಿ ಹೊದ್ದು ಕೂತಿದ್ದರೆ, ಅಕ್ಕನ ಮುಖ ಇದ್ದಕ್ಕಿದ್ದಂತೆ ಕೆಂಪಾಗಿ, ಕುಂಕುಮ ಮೂಗಿನ ತನಕ ಇಳಿದು, ಗಜೇಂದ್ರಗಡದ ಸೀರೆಯೆಲ್ಲ ಒದ್ದೆ! "ಯಾರಬೇ ಬಾಗಲಾ ಹಾಕಿದವ್ರು?" ಎಂದು ಎದ್ದು ಹೋಗಿ ನೀರಿನ ಹರವಿಯನ್ನು ಅಪ್ಪಿಕೊಂಡು ನಿಲ್ಲುವಳು. ದೃಷ್ಟಿ ತೆಗೆದರು, ಕಷಾಯ ಕುಡಿಸಿದರು. ಕಷಾಯ ಕುಡಿದು ಇನ್ನಷ್ಟು ಬೆವೆತಳು.

ಕಡೆಗೆ ನಮ್ಮ ಅತ್ತೆಯೇ ಅವಳನ್ನು ದವಾಖಾನೆಗೆ ಕರೆದೊಯ್ದರು. ಹಿಂದೆ ನಾನು. ಮಡಿ ಮೈಲಿಗೆಯಲ್ಲಿ ಅತ್ತೆ ದೇವರಿಗೂ ರಿಯಾಯಿತಿ ಕೊಟ್ಟವರಲ್ಲ. ಡಾಕ್ಟರು ನಾಡಿ ಹಿಡಿದು ಕೇಳಿದರು:

"ಮುಟ್ಟ ನಿಂತು ಎಷ್ಟ ದಿನಾ ಆತ್ರಿ?"

"ಹೋದ ದೀಪಾವಳಿಗೆ ಎರಡ ವರ್ಷ ಆತ್ರಿ" ಎಂದುಬಿಟ್ಟಳು ಅಕ್ಕ!

ಎರಡು ವರ್ಷ ಅವಳ ಪಾಲಿಗೂ ಸೇರಿಸಿ ನಾನು ಬಡಿದ ರೊಟ್ಟಿಗಳೆಲ್ಲ ಒಮ್ಮೆಲೇ ಕಣ್ಣೆದುರು ಬಂದವು. ಡಾಕ್ಟರು ಮಾತ್ರ ತಣ್ಣಗೆ, "ಹೆದರಬ್ಯಾಡ್ರಿ, ಈ ವಯಸ್ಸಿನ್ಯಾಗ ಹಿಂಗ ಬೆವರತೈತಿ. ರಕ್ತದಾಗ ಕೊಬ್ಬೂ ಏರತೈತಿ, ತುಪ್ಪಾ ಕಡಿಮಿ ಮಾಡ್ರಿ" ಎಂದರು. ಒಂದೇ ಏಟಿಗೆ ಆ ಮೂರು ದಿನವೂ ಹೋಯಿತು, ತುಪ್ಪವೂ ಹೋಯಿತು!

ಮನೆಯಲ್ಲಿ ಅತ್ತೆ ಆ ಮಾತು ಯಾರ ಮುಂದೆಯೂ ಎತ್ತಲಿಲ್ಲ. ಮುಂದಿನ ತಿಂಗಳು ಬೀಗರು ಬರುವ ದಿನ ಅಕ್ಕ ರೊಟ್ಟಿ ಬಡಿಯುತ್ತ ಒಲೆಯ ಮುಂದೆ ಕೂತಿದ್ದಳು. ಬೆವರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಪಾಪ ಎನ್ನಿಸಿತು.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಗದರಿದರು: "ಹೊರಗಾಗೀಯಲ್ಲ, ಒಲಿ ಮುಂದ ಯಾಕ ಕುಂತಿ? ಏಳ!"

ಅಕ್ಕ ಬೆಪ್ಪಾದಳು. "ಇಲ್ರಿ ಅತ್ತೀ, ನಾ..."

ಅತ್ತೆ ಅವಳ ಪಕ್ಕ ಕೂತು, ಹಿಟ್ಟಿನ ಕೈಗಳನ್ನು ತಮ್ಮ ಸೆರಗಿನಿಂದ ಒರೆಸಿದರು. ಹೊರಗಾದವಳೆಂದು ತಾವೇ ಈಗಷ್ಟೇ ಸಾರಿದವಳನ್ನು ಮುಟ್ಟಿದ್ದೇವೆಂಬ ಖಬರೂ ಅವರಿಗಿರಲಿಲ್ಲ. ದನಿ ತಗ್ಗಿಸಿ ಹೇಳಿದರು:

"ನನಗೂ ಹಿಂಗ ಆಗಿತ್ತವಾ. ನಾಕ ವರ್ಷ ಇದ ಒಲಿ ಮುಂದ ಬೆವತು ಬೆವತು ಸಾಕಾತು. ಸುಳ್ಳ ಹೇಳೂ ಧೈರ್ಯ ನನಗ ಬರಲಿಲ್ಲ. ಹೋಗ, ಕೂಡ ಹೋಗ."

ಅಷ್ಟು ಹೇಳಿ, ಎಪ್ಪತ್ತು ದಾಟಿದ ಆ ಹೆಣ್ಣುಜೀವ ಹಿಟ್ಟು ನಾದಲು ಕೂತಿತು.