ಆಯ್ತು ಅಂದರೆ ಆಯ್ತೇ?

ವಿಮಾ ಕಚೇರಿಯಲ್ಲಿ ಕೂತು ಪರರ ಮಾತನ್ನು ಅನುಮಾನಿಸುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ, ಸಂಜೆ ಮನೆಗೆ ಬಂದ ಕೂಡಲೇ ಎಲ್ಲರನ್ನೂ ನಂಬಬೇಕು ಅಂದರೆ ಹೇಗೆ? ಕಾರು ಹೋಗಿ ಗೋಡೆಗೆ ಗುದ್ದಿತು ಎಂದು ಯಾರಾದರೂ ಬರೆದುಕೊಟ್ಟರೆ, ಗೋಡೆಯೇ ಬಂದು ಕಾರಿಗೆ ಗುದ್ದಿಲ್ಲ ಅನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳುವ ಪೈಕಿ ನಮ್ಮ ಉಸ್ತುವಾರಿಯವರು. (‘ಉಸ್ತುವಾರಿ’ ಹೆಂಡತಿ ದಯಪಾಲಿಸಿದ ಬಿರುದು. ಎದುರಿಗೆ ‘ರೀ’ ಅನ್ನುತ್ತಾಳೆ. ಬಿರುದನ್ನು ತಂಗಿಯ ಜೊತೆ ಫೋನಿನಲ್ಲಿ ಮಾತ್ರ ಬಳಸುತ್ತಾಳೆ.)

ಇಂಥವರನ್ನು ಕಚೇರಿಯವರು ಪ್ರಾಜೆಕ್ಟುಗಳನ್ನು ಅಚ್ಚುಕಟ್ಟಾಗಿ ನಡೆಸುವ ತರಬೇತಿಗೆ ಕಳಿಸಿಬಿಟ್ಟರು. ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು. ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಬೇಕು, ತುಂಡಿಗೊಬ್ಬ ಹೊಣೆಗಾರ ಬೇಕು, ದಿನಾ ಪ್ರಗತಿ ಪರಿಶೀಲನೆ ಆಗಬೇಕು, ಬರಬಹುದಾದ ಗಂಡಾಂತರಗಳನ್ನು ಮೊದಲೇ ಗುರುತಿಸಬೇಕು. ಇಷ್ಟೂ ಜ್ಞಾನವನ್ನು ಹೊತ್ತು ತಂದು ಎಲ್ಲಿ ಸುರಿಯುವುದೆಂದು ನೋಡುತ್ತಿದ್ದಾಗ ಅವರಿಗೆ ಸಿಕ್ಕಿದ್ದು ಮನೆಯ ಹಿಂದಿನ ಬಚ್ಚಲು.

ಬಚ್ಚಲಿನ ಹಿಂದೆ ಒಂದು ನಿಜವಾದ ಸಂಕಟವೂ ಇತ್ತು. ಅವರ ಅಮ್ಮನಿಗೆ ಮಂಡಿಯ ಆಪರೇಷನ್ ಆಗಿ, ಶುಕ್ರವಾರ ಆಸ್ಪತ್ರೆಯಿಂದ ಬಿಡುವವರಿದ್ದರು. ಇನ್ನು ಮೇಲೆ ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ. ಕಮೋಡು ಬೇಕು, ಹಿಡಿದು ಏಳಲು ಗೋಡೆಯಲ್ಲೊಂದು ಕಂಬಿ ಬೇಕು. ತಮ್ಮನ ಮನೆಯಲ್ಲಿ ಇವೆಲ್ಲ ಇದ್ದವು, ಅವನು ಕರೆದೂ ಇದ್ದ. ಆದರೆ ಅಮ್ಮ, "ನಾನು ದೊಡ್ಡವನ ಮನೆಗೇ ಹೋಗೋದು" ಅಂದುಬಿಟ್ಟಿದ್ದರು. ಆ ಮಾತು ಕೇಳಿ ಉಸ್ತುವಾರಿಯವರ ಕಣ್ಣು ತುಂಬಿ ಬಂದಿತ್ತು. ಬಚ್ಚಲು ಆಗದೆ ಹೋದರೆ ತಮ್ಮನ ಮುಂದೆ ಮೂಗು ಕೊಯ್ದ ಹಾಗಾಗುತ್ತದೆ ಅನ್ನುವ ಭಯವೂ ಇತ್ತು ಅನ್ನಿ.

ಮೊದಲ ಸಭೆ ಅಡುಗೆಮನೆಯಲ್ಲಿ ಸೇರಿತು. ಸದಸ್ಯರು ಹೆಂಡತಿ ಮತ್ತು ಮೇಸ್ತ್ರಿ. ಉಸ್ತುವಾರಿಯವರು ಗಂಟಲು ಸರಿಮಾಡಿಕೊಂಡು, ಈ ಕೆಲಸದಲ್ಲಿ ನಿನಗೆ ಕಾಣುವ ಗಂಡಾಂತರ ಯಾವುದು ಎಂದು ಹೆಂಡತಿಯನ್ನು ಕೇಳಿದರು.

"ಗಂಡ ಅಂತೂ ಆಗಲೇ ಇದ್ದಾರೆ. ಅಂತರ ಒಂದು ಕೊಟ್ಬಿಟ್ರೆ ಸಾಕು" ಅಂದಳು ಅವಳು, ಒಲೆಯ ಕಡೆಯಿಂದ ತಿರುಗದೆ.

ಟೈಲ್ಸುಗಳ ನಡುವೆ ಅಂತರ ಬಿಡುವ ವಿಚಾರ ಇರಬೇಕೆಂದುಕೊಂಡು ಅವರು ತಲೆದೂಗಿದರು.

ಅಂದಿನಿಂದ ಪ್ರತಿ ಸಂಜೆ ಪರಿಶೀಲನೆ. ಪೈಪು ಎಂದು ಕೇಳಿದರೆ ಮೇಸ್ತ್ರಿ "ಆಯ್ತು ಸಾರ್" ಅನ್ನುತ್ತಿದ್ದ. ಕಮೋಡು ಅಂದರೆ ಆಯ್ತು ಸಾರ್. ಟೈಲ್ಸು ಅಂದರೆ ಅದೂ ಆಯ್ತು. ಒಳಗೆ ಹೋಗಿ ನೋಡೋಣವೆಂದರೆ, ಸಿಮೆಂಟು ಹಸಿ ಇದೆ, ಕಾಲಿಡಬೇಡಿ ಅನ್ನುತ್ತಿದ್ದ. ಫ್ರಿಜ್ಜಿನ ಮೇಲೆ ಅವರು ಅಂಟಿಸಿದ್ದ ಪ್ರಗತಿಯ ನಕ್ಷೆ ಹಸಿರು ಗುರುತುಗಳಿಂದ ಹುಲ್ಲುಗಾವಲಾಯಿತು. ಕಚೇರಿಯಲ್ಲಿ ಊಟದ ಹೊತ್ತಿಗೆ ಉಸ್ತುವಾರಿಯವರು ಕೇಳಿದವರಿಗೂ ಕೇಳದವರಿಗೂ ಅದನ್ನು ವರ್ಣಿಸಿದರು.

ಬುಧವಾರ ಒಂದು ಗಳಿಗೆ ಬೇಗ ಮನೆಗೆ ಬಂದು ಬಚ್ಚಲ ಬಾಗಿಲು ತಳ್ಳಿದರೆ, ಕಮೋಡು ರಟ್ಟಿನ ಡಬ್ಬಿಯೊಳಗೆ ಕೂತಿದೆ. ಪೈಪುಗಳು ಮೂಲೆಯಲ್ಲಿ ಒರಗಿವೆ. ಸಿಮೆಂಟು ಹಸಿ ಇರುವುದು ಹಾಗಿರಲಿ, ಮೂಟೆಯ ಬಾಯಿಯನ್ನೇ ಬಿಚ್ಚಿಲ್ಲ. ಮೂರು ಮನೆಯ ಕೆಲಸ ಒಟ್ಟಿಗೆ ಒಪ್ಪಿಕೊಂಡಿದ್ದ ಮೇಸ್ತ್ರಿಯನ್ನು ಹಿಡಿದು ತಂದು ಕೇಳಿದಾಗ ಅವನು ಆಶ್ಚರ್ಯಪಟ್ಟವನಂತೆ ಕಣ್ಣರಳಿಸಿದ.

"ಪೈಪು ಹಾಕ್ಬೇಕು ಅಂದ್ರಿ, ಆಯ್ತು ಅಂದೆ. ಹಾಕಿ ಆಯ್ತು ಅಂದ್ನಾ ಸಾರ್?"

ಉಸ್ತುವಾರಿಯವರಿಗೆ ಕಾಲಡಿಯ ನೆಲ ಕುಸಿದಂತಾಯಿತು. ‘ಮಾಡುತ್ತೇನೆ’ ಅನ್ನುವುದಕ್ಕೂ ಆಯ್ತು, ‘ಮಾಡಿ ಮುಗಿಸಿದೆ’ ಅನ್ನುವುದಕ್ಕೂ ಆಯ್ತು. ಈ ಎರಡು ನಾಲಗೆಯ ಪದವನ್ನು ನಂಬಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದೆನಲ್ಲ ಎಂದುಕೊಂಡರು. ನನ್ನ ಸ್ನೇಹಿತರು ಬಂದಾಗ ನಗುನಗುತ್ತಾ ಇರು ಅಂದಾಗ ಹೆಂಡತಿ ಆಯ್ತು ಅಂದಿದ್ದಳು. ಅದು ಯಾವ ಆಯ್ತು?

ಅಂದಿನಿಂದ ಹೆಂಡತಿ ಬಚ್ಚಲ ಬಾಗಿಲಿಗೆ ಸ್ಟೂಲು ಹಾಕಿಕೊಂಡು, ಕೈಯಲ್ಲಿ ಟೀ ಲೋಟ ಹಿಡಿದು ಕೂತಳು. ಅವಳು ಏನನ್ನೂ ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಮೇಸ್ತ್ರಿಗೆ ಉಳಿದೆರಡು ಮನೆ ಮರೆತೇ ಹೋಯಿತು. ಆದರೆ ಉಸ್ತುವಾರಿಯವರ ಮೂಗಿಗೆ ಬೇರೆಯೇ ವಾಸನೆ ಬಡಿಯಿತು. ತಾವು ಹತ್ತಿರ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಾರೆ. ಹೆಂಡತಿ ಫೋನಿನಲ್ಲಿ ಯಾರಿಗೋ, "ಇಲ್ಲ ಇಲ್ಲ, ಅವರನ್ನ ಹತ್ರ ಬಿಟ್ಟಿಲ್ಲ" ಅನ್ನುತ್ತಾಳೆ. ಇದೇನು ಬಚ್ಚಲೋ ಬ್ಯಾಂಕಿನ ತಿಜೋರಿಯೋ?

ಗುರುವಾರ ಸಂಜೆ ಕಂಬಿಯ ವಿಚಾರ ಬಂತು. ಮೇಸ್ತ್ರಿ ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ಆಯ್ತು ಅಂದ. ಯಾವ ಆಯ್ತು ಎಂದು ಇವರು ಗದರಿದರು. ಕೂರಿಸಿ ಆಯ್ತು, ಸಿಮೆಂಟು ಹಸಿ ಇದೆ, ನಾಳೆ ಸಂಜೆಯವರೆಗೆ ಯಾರೂ ಮುಟ್ಟಬೇಡಿ ಅಂದಳು ಹೆಂಡತಿ.

ಸಿಮೆಂಟು ಹಸಿ! ಅದೇ ಹಳೆಯ ರಾಗ, ಈಗ ಹೆಂಡತಿಯ ಬಾಯಲ್ಲಿ. ಇಬ್ಬರೂ ಒಂದಾಗಿದ್ದಾರೆ ಅನ್ನುವುದಕ್ಕೆ ಇನ್ನೇನು ಬೇಕು?

ಶುಕ್ರವಾರ ಬೆಳಿಗ್ಗೆ ಅಮ್ಮನನ್ನು ಕರೆತರಲು ಹೆಂಡತಿ ಆಸ್ಪತ್ರೆಗೆ ಹೊರಟಳು. ಕೋಣೆ ಸಿದ್ಧಮಾಡುವ ನೆಪ ಹೇಳಿ ಇವರು ಮನೆಯಲ್ಲೇ ಉಳಿದರು. ವರದಿಯನ್ನು ನಂಬಬೇಡಿ, ಕೆಲಸದ ಜಾಗಕ್ಕೆ ಹೋಗಿ ನೋಡಿ ಎಂದು ತರಬೇತಿಯಲ್ಲಿ ಹೇಳಿದ್ದರಲ್ಲವೇ? ಕಳ್ಳಬೆಕ್ಕಿನಂತೆ ಬಚ್ಚಲಿಗೆ ಹೋದರು. ಕಮೋಡು ಬೆಳ್ಳಗೆ ಹೊಳೆಯುತ್ತಿತ್ತು. ನಲ್ಲಿ ತಿರುಗಿಸಿದರೆ ನೀರು ಬಂತು. ಕಂಬಿ ಗೋಡೆಯಲ್ಲಿ ನೆಟ್ಟಗೆ ನಿಂತಿತ್ತು. ಎಲ್ಲವೂ ಸರಿಯಾಗಿದ್ದುದೇ ಅವರ ಅನುಮಾನಕ್ಕೆ ಕಾರಣವಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯೇ ಇದೆ. ಸರಿ, ಕಮೋಡಿನ ಮೇಲೆ ಅಮ್ಮನ ಹಾಗೆ ಕೂತರು, ಎರಡೂ ಕೈಯಲ್ಲಿ ಕಂಬಿ ಹಿಡಿದರು, ಅಮ್ಮನ ಎರಡರಷ್ಟಿರುವ ತಮ್ಮ ದೇಹವನ್ನು ಅದಕ್ಕೆ ನೇತುಹಾಕಿದರು.

ಕಂಬಿ ಬಂತು. ಜೊತೆಗೆ ಎರಡು ಟೈಲ್ಸೂ, ಒಂದು ಬೊಗಸೆ ಹಸಿ ಸಿಮೆಂಟೂ ಬಂದವು. ನೆಲದ ಮೇಲೆ ಕೂತ ಉಸ್ತುವಾರಿಯವರಿಗೆ ಮೊದಲು ಆದದ್ದು ಸಂತೋಷ. ನಾನು ಹೇಳಲಿಲ್ಲವೇ, ಎಲ್ಲ ಮೋಸ! ಆಮೇಲೆ ಬೆರಳಿಗೆ ಅಂಟಿದ್ದು ಹಸಿ ಹಸಿಯಾಗಿಯೇ ಇದೆಯೆಂದು ತಿಳಿದು, ಸಂತೋಷ ಅಲ್ಲಿಗೇ ಇಳಿದುಹೋಯಿತು. ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು.

ಅಮ್ಮ, ಹೆಂಡತಿ, ಚೀಲ ಹಿಡಿದ ತಮ್ಮ, ಮೂವರೂ ಒಳಗೆ ಬಂದಾಗ ಇವರು ಕೈಯಲ್ಲಿ ಕಂಬಿ ಹಿಡಿದು, ತಲೆಯಲ್ಲಿ ಸಿಮೆಂಟು ಹೊತ್ತು ನಿಂತಿದ್ದರು. ಹೆಂಡತಿ ಕಂಬಿಯನ್ನು ಅವರ ಕೈಯಿಂದ ತೆಗೆದು ಮೂಲೆಗೆ ಒರಗಿಸಿದಳು. ಬೈದಿದ್ದರೇ ವಾಸಿಯಿತ್ತು.

"ಬಿಡಣ್ಣ, ಅಮ್ಮನ್ನ ನಾನೇ ಕರ್ಕೊಂಡು ಹೋಗ್ತೀನಿ" ಅಂದ ತಮ್ಮ, ಮೆಲ್ಲಗೆ. ಹಾಗೆ ಮೆಲ್ಲಗೆ ಅಂದದ್ದೇ ಚುಚ್ಚಿತು. ಉಸ್ತುವಾರಿಯವರಿಗೆ ಅಳು ಬರುವಂತಾಯಿತು.

ಅಮ್ಮ ಕುರ್ಚಿಯಲ್ಲಿ ಕೂತು ಸೊಸೆಯ ಕಡೆ ತಿರುಗಿದರು. "ಬಚ್ಚಲ ಹತ್ರ ಇವನನ್ನ ಬಿಡಬೇಡ ಅಂತ ದಿನಾ ಫೋನಲ್ಲಿ ಹೇಳ್ತಿದ್ನಲ್ಲಮ್ಮ."

"ಆಸ್ಪತ್ರೆಗೆ ಬಂದ್ನಲ್ಲ ಅತ್ತೆ, ಅಷ್ಟರಲ್ಲೇ" ಅಂದಳು ಅವಳು.

ಅಮ್ಮ ಚಿಕ್ಕಮಗನ ಕೈಯಲ್ಲಿದ್ದ ಚೀಲ ಕೆಳಗಿಡಿಸಿದರು. "ಎಲ್ಲಿಗೂ ಹೋಗಲ್ಲ ನಾನು. ಕಂಬಿ ಮತ್ತೆ ಹಾಕೋವರೆಗೂ ಕಂಬಿ ಜಾಗದಲ್ಲಿ ಇವನೇ ನಿಲ್ಲಲಿ."

ಹೀಗೆ ಆ ದಿನ, ಪ್ರಾಜೆಕ್ಟಿನ ಮುಖ್ಯಸ್ಥರು ಬಚ್ಚಲಿನ ಗೋಡೆಗೆ ಮುಖಮಾಡಿ, ಕಣ್ಣುಮುಚ್ಚಿ, ಒಂದು ತೋಳನ್ನು ಹಿಂದಕ್ಕೆ ಚಾಚಿ ನಿಂತರು. ಹೆಂಡತಿ ಅಮ್ಮನನ್ನು ಕೂರಿಸಿ ಹೊರಗೆ ಹೋದಳು. ಏಳುವ ಹೊತ್ತಿಗೆ ಅಮ್ಮನ ಕೈ ಬಂದು ತೋಳನ್ನು ಹಿಡಿಯಿತು. ಈ ಸೇವೆಯಲ್ಲೂ ಒಂದು ಧನ್ಯತೆ ಇದೆ ಅನ್ನಿಸಿ ಅವರ ಎದೆ ತುಂಬಿ ಬಂತು. ಅಷ್ಟರಲ್ಲಿ ಅಮ್ಮ ಆ ತೋಳನ್ನು ಒಮ್ಮೆ ಜಗ್ಗಿದರು. ಇನ್ನೊಮ್ಮೆ, ಜೋರಾಗಿ ಜಗ್ಗಿದರು.

"ಏನಮ್ಮ ಮಾಡ್ತಿದ್ದೀಯಾ?"

"ಗಟ್ಟಿಯಾಗಿದ್ಯಾ ಅಂತ ನೋಡ್ತಿದ್ದೀನಿ ಕಣೋ" ಅಂದರು ಅಮ್ಮ. "ನಿನ್ನನ್ನ ಹೇಗೆ ನಂಬೋದು?"