ಹಿಟ್ಟು ಹಾರಿಸಿದ ಬ್ಲಾಗು

ಗ್ರಾಹಕರಿಗೆ ಬುದ್ಧಿ ಕಲಿಸಲು ನನಗಿಂತ ಯೋಗ್ಯ ಮನುಷ್ಯ ಇಡೀ ರಾಜಾಜಿನಗರದಲ್ಲೇ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದ ಕಾಲವದು. ವೆಟ್ ಗ್ರೈಂಡರ್ ತಯಾರಿಸುವ ಸಣ್ಣ ಕಂಪನಿಯಲ್ಲಿ ದೂರು ಕೇಳಿಸಿಕೊಳ್ಳುವುದು ನನ್ನ ಉದ್ಯೋಗ. ಆಗ ಎಲ್ಲೆಲ್ಲೂ ಬ್ಲಾಗಿನ ಹುಚ್ಚು. ನಮ್ಮ ಮಾಲೀಕರು ದೊಡ್ಡ ಹೋಟೆಲಿನಲ್ಲಿ ಯಾರದೋ ಭಾಷಣ ಕೇಳಿ, ಊಟ ಮುಗಿಸಿ ಬಂದು, "ನಾವೂ ಒಂದು ಬ್ಲಾಗ್ ಮಾಡೋಣ ಕಣಯ್ಯಾ. ಜನ ಓದ್ಕೊಂಡು ತಾವೇ ಸರಿ ಮಾಡ್ಕೋತಾರೆ. ಫೋನ್ ಬರೋದೇ ನಿಲ್ಲತ್ತೆ" ಎಂದರು.

ಬರೆಯುವವನು ನಾನು. ಹಿಡಿ ಉದ್ದನ್ನೂ ರುಬ್ಬಿದವನಲ್ಲ. ಆದರೆ ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವನು. 'ಕಲ್ಲು ತಿರುಗದಿದ್ದರೆ ಕಂಗೆಡದಿರಿ' ಎಂಬ ಲೇಖನ ಬರೆದೆ. ಮುಚ್ಚಳ ತೆಗೆದು, ಮರದ ಸೌಟಿನ ಹಿಡಿಯಿಂದ ಕಲ್ಲನ್ನು ಮೆಲ್ಲನೆ ಮೀಟಬೇಕು ಎಂದು ಸೊಗಸಾಗಿ ವಿವರಿಸಿದೆ. ಕಂಪನಿಯ ಕೈಪಿಡಿಯಲ್ಲಿ ಅದಕ್ಕೂ ಮುಂಚೆ, 'ಸ್ವಿಚ್ ಆರಿಸಿ, ಹಿಟ್ಟು ಹೊರತೆಗೆಯಿರಿ' ಎಂಬ ಒಣಕಲು ವಾಕ್ಯವೊಂದಿತ್ತು. ಅದು ನನ್ನ ಶೈಲಿಗೆ ಅಡ್ಡಿಯಾಯಿತು. ಅಷ್ಟೂ ತಿಳಿಯದ ಮೂರ್ಖರು ಇರುತ್ತಾರೆಯೇ ಎಂದು ಬಿಟ್ಟುಬಿಟ್ಟೆ.

ಒಂದು ಬೆಳಗ್ಗೆ ಮಾರೇನಹಳ್ಳಿಯಿಂದ ಗೌರಮ್ಮ ಎಂಬುವರ ಫೋನ್.

"ನಿಮ್ ಗ್ರೈಂಡರ್ ನಿಂತೋಗದೆ ಸಾರ್. ನಾಳೆ ನಮ್ ಮಗಳನ್ನ ನೋಡಕ್ಕೆ ಗಂಡಿನ್ ಕಡೆಯೋರು ಬರ್ತಾವ್ರೆ. ಯಾರನ್ನಾದ್ರೂ ಕಳಿಸಿ."

"ಎಲ್ಲಾ ನಮ್ ಬ್ಲಾಗಲ್ಲಿದೆ ಅಮ್ಮ."

"ಅದೇನಪ್ಪಾ ಅದು?"

"ಮನೇಲಿ ಓದಿರೋರು ಯಾರಾದ್ರೂ ಇದ್ರೆ ಕೇಳಿ" ಎಂದು ಫೋನಿಟ್ಟೆ.

ಮಧ್ಯಾಹ್ನ ಗೌರಮ್ಮ ಗ್ರೈಂಡರ್ ಸಮೇತ ಆಟೋದಿಂದಿಳಿದರು. ಜೊತೆಗೆ ಸೊಸೆ ಸುಧಾ. ಆಕೆಯ ಕೈಯಲ್ಲಿ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ನನ್ನ ಲೇಖನ. ತಲೆಯಲ್ಲಿ ಉದ್ದಿನ ಹಿಟ್ಟು.

"ನೀವು ಬರ್ದಂಗೇ ಮಾಡ್ದೆ ಸಾರ್. ಒಂದ್ಸಲ ಗಿರ್ರಂತ ತಿರುಗಿ ನಿಂತೋಯ್ತು. ಹೊಸದಾಗಿ ಬಣ್ಣ ಹೊಡ್ಸಿದ್ ಗೋಡೆ ತುಂಬಾ ಹಿಟ್ಟು."

"ಓದಿರೋಳೇ ಮಾಡಿದ್ದು ಕಣಪ್ಪ" ಎಂದರು ಗೌರಮ್ಮ.

"ಓದೋದು ಬೇರೆ, ಅರ್ಥ ಮಾಡ್ಕೊಳೋದು ಬೇರೆ" ಎಂದು ನಾನು ತೋಳು ಮಡಿಸಿದೆ. ಗಲಾಟೆ ಕೇಳಿ ಮಾಲೀಕರೂ ಹೊರಬಂದರು. ಒಳ್ಳೆಯದೇ ಆಯಿತು, ನನ್ನ ವಿದ್ವತ್ತಿಗೆ ಸಾಕ್ಷಿ ಸಿಕ್ಕಿತು ಎಂದುಕೊಂಡೆ. ಉಳಿದರ್ಧ ಹಿಟ್ಟು ಒಳಗೇ ಇತ್ತು. ಸ್ವಿಚ್ ಹಾಕಿದೆ. ಲೇಖನವನ್ನು ರಾಗವಾಗಿ ಓದುತ್ತಾ ಮುಚ್ಚಳ ತೆಗೆದು ಕಲ್ಲನ್ನು ಮೀಟಿದೆ.

ಕಲ್ಲು ತಿರುಗಿತು. ಮೊದಲ ಹಿಟ್ಟು ನನ್ನ ಕನ್ನಡಕಕ್ಕೆ, ಎರಡನೆಯದು ಮಾಲೀಕರ ಮೀಸೆಗೆ!

"ಸ್ವಿಚ್ ಆರಿಸ್ಬೇಕು ಅಂತ ಬರೀಲಿಲ್ವೇನಯ್ಯಾ?" ಎಂದರು ಮಾಲೀಕರು, ಮೀಸೆ ಒರೆಸಿಕೊಳ್ಳುತ್ತಾ.

"ವಾಕ್ಯ ಉದ್ದ ಆಗ್ತಿತ್ತು ಸಾರ್."

ಅವರು ಗೌರಮ್ಮನಿಗೆ ಹೊಸ ಗ್ರೈಂಡರ್ ಕೊಟ್ಟರು. ಅದೇ ಆಟೋದಲ್ಲಿ ಬಕೆಟ್ಟಿನೊಂದಿಗೆ ನನ್ನನ್ನೂ ಕಳಿಸಿದರು. ಕತ್ತಲಾಗುವವರೆಗೆ ಗೋಡೆ ತಿಕ್ಕಿದೆ. ಗೌರಮ್ಮ ಕುರ್ಚಿ ಹಾಕಿಕೊಂಡು ಕೂತು, "ಆ ಮೂಲೇಲೊಂಚೂರು ಬಿಟ್ಟೋಗದೆ. ಅರ್ಥ ಆಯ್ತಾ ಸಾರ್?" ಎನ್ನುತ್ತಿದ್ದರು.

ಎರಡು ದಿನ ಬಿಟ್ಟು, ಲೇಖನ ತಿದ್ದೋಣವೆಂದು ಬ್ಲಾಗು ತೆರೆದರೆ ಕೆಳಗೆ ಸುಧಾಳ ಪ್ರತಿಕ್ರಿಯೆ: 'ಗಂಡಿನ ಕಡೆಯವರು ಒಪ್ಪಿದ್ದಾರೆ. ಗೋಡೆ ಒಣಗಿದ ಮೇಲೆ ಕಲೆ ಕಾಣುತ್ತಿದೆ. ಭಾನುವಾರ ನಿಶ್ಚಿತಾರ್ಥ. ಶನಿವಾರ ಬಂದು, ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಬಕೆಟ್ ನಮ್ಮಲ್ಲೇ ಇದೆ.'

ಇಡೀ ಬ್ಲಾಗಿನಲ್ಲಿ ಒಂದು ಹಂತವನ್ನೂ ಬಿಡದೆ ಬರೆದ ಸೂಚನೆ ಅದೊಂದೇ. ಪಾಲಿಸಿದೆ.